ಕರಾವಳಿಯಲ್ಲಿ ನೆಲೆಸಿ ಬರೆದು ಬದುಕುವುದು: ಸ್ವತಂತ್ರ ಬರಹಗಾರರಿಗೊಂದು ಕೈಪಿಡಿ

ಮಂಗಳೂರಿನಲ್ಲೋ ಉಡುಪಿಯಲ್ಲೋ ನೆಲೆಸಿ, ತಿಂಗಳ ಸಂಬಳದ ಆಸರೆಯಿಲ್ಲದೆ ಬರವಣಿಗೆಯಿಂದಲೇ ಸಂಸಾರ ತೂಗಿಸಬೇಕೆಂದು ಹೊರಡುವವರು, ಈ ಊರುಗಳಲ್ಲಿ ಬರಹಕ್ಕೆ ಹಣ ಕೊಡುವವರು ಯಾರೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಪತ್ರಿಕೆಗಳು ಕೊಡುತ್ತವೆ, ನಿಜ. ಆದರೆ ಪುರವಣಿಯ ಲೇಖನವೊಂದಕ್ಕೆ ಬರುವ ಸಂಭಾವನೆಯನ್ನು ನಂಬಿ ಮನೆ ಬಾಡಿಗೆಯ ಲೆಕ್ಕ ಹಾಕುವಂತಿಲ್ಲ. ಬದುಕಿಗೆ ಸಾಕಾಗುವಷ್ಟು ಹಣ ಹರಿದುಬರುವುದು ಆಸ್ಪತ್ರೆ ಮತ್ತು ವಿದ್ಯಾಸಂಸ್ಥೆಗಳು, ಸಹಕಾರಿ ಸಂಘಗಳು, ದೇವಸ್ಥಾನ ಮತ್ತು ಇಗರ್ಜಿಗಳ ಉತ್ಸವ ಸಮಿತಿಗಳು, ಅನುವಾದ ಸಂಸ್ಥೆಗಳು, ಮುಂಬಯಿ ಹಾಗೂ ಕೊಲ್ಲಿ ರಾಷ್ಟ್ರಗಳಲ್ಲಿರುವ ಕರಾವಳಿಗರ ಸಂಘಗಳು ಇವುಗಳಿಂದ. ಇವರಾರೂ ಬರಹಗಾರರು ಬೇಕಾಗಿದ್ದಾರೆಂದು ಜಾಹೀರಾತು ಕೊಡುವುದಿಲ್ಲ. ಪತ್ರಿಕೆಯಲ್ಲಿ ಹೆಸರು ನೋಡಿ, ಯಾರನ್ನೋ ವಿಚಾರಿಸಿ ಫೋನ್ ಮಾಡುತ್ತಾರೆ. ಆದ್ದರಿಂದ ಪತ್ರಿಕೆಗೆ ಬರೆಯುವುದನ್ನು ಹೆಸರಿಗಾಗಿ ಇಟ್ಟುಕೊಂಡು, ಗಳಿಕೆಯನ್ನು ಉಳಿದವರಿಂದ ನಿರೀಕ್ಷಿಸುವುದೇ ಇಲ್ಲಿನ ಮಟ್ಟಿಗೆ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ವಿಷಯವೊಂದನ್ನು ಹಿಡಿಯುವುದು

ಎಲ್ಲದರ ಬಗ್ಗೆಯೂ ಬರೆಯಬಲ್ಲೆನೆನ್ನುವವರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಮೀನುಗಾರಿಕೆಯ ಬಗ್ಗೆ ಬರೆಯುವವರು, ಅಡಿಕೆಯ ಬಗ್ಗೆ ಬರೆಯುವವರು, ಆರೋಗ್ಯದ ವಿಷಯವನ್ನು ಕನ್ನಡದಲ್ಲಿ ತಿಳಿಯುವಂತೆ ಬರೆಯುವವರು ಎಂಬ ಗುರುತು ಒಮ್ಮೆ ಮೂಡಿದರೆ ಕೆಲಸ ಹುಡುಕಿಕೊಂಡು ಬರುತ್ತದೆ. ವಿಷಯಗಳಿಗೆ ಕರಾವಳಿಯಲ್ಲಿ ಬರವಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ಈ ನೆಲದಲ್ಲಿ, ಬ್ಯಾಂಕಿನ ವಾರ್ಷಿಕ ವರದಿಯನ್ನು ಓದಿ ಅರ್ಥಮಾಡಿಕೊಂಡು ಅದನ್ನು ತಿಳಿಗನ್ನಡದಲ್ಲಿ ಹೇಳಬಲ್ಲವರು ಇಂದಿಗೂ ಬೆರಳೆಣಿಕೆಯಷ್ಟಿದ್ದಾರೆ. ಬ್ಯಾಂಕುಗಳಲ್ಲಿ ಮೂರು ಈಗ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಹೋಗಿದ್ದರೂ ಹಳ್ಳಿಹಳ್ಳಿಯ ಸಹಕಾರಿ ಸಂಘಗಳಿಗೆ ವರದಿ, ಸುತ್ತೋಲೆ, ಸುವರ್ಣ ಮಹೋತ್ಸವದ ಸಂಚಿಕೆ ಬೇಕೇ ಬೇಕು.

ಮತ್ತೊಂದು ಅವಕಾಶವಿರುವುದು ಸಂಶೋಧನ ಸಂಸ್ಥೆಗಳು ಮತ್ತು ಅವುಗಳ ಫಲ ಉಣ್ಣಬೇಕಾದ ಜನರ ನಡುವಿನ ಅಂತರದಲ್ಲಿ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಪುತ್ತೂರಿನಲ್ಲಿ ಗೇರು ಸಂಶೋಧನ ನಿರ್ದೇಶನಾಲಯವಿದೆ, ವಿಟ್ಲದಲ್ಲಿ ತೋಟದ ಬೆಳೆಗಳ ಸಂಶೋಧನ ಕೇಂದ್ರದ ಪ್ರಾದೇಶಿಕ ಠಾಣೆಯಿದೆ, ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ 1973ರಿಂದ ಮಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದೆ. ಸಂಶೋಧನೆಯ ಬರಹ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ತೋಟದವರೂ ಬೋಟಿನವರೂ ಓದುವುದು ಕನ್ನಡವನ್ನು. ಅಡಿಕೆಯ ಕೊಳೆರೋಗದ ಕುರಿತ ಹತ್ತು ಪುಟದ ಪ್ರಬಂಧವನ್ನು ಎರಡು ಪುಟದ ಕರಪತ್ರವಾಗಿಸಬಲ್ಲವರು, ಅದೇ ಸಾಮಗ್ರಿಯಿಂದ ಕೃಷಿ ಪುರವಣಿಗೊಂದು ಲೇಖನವನ್ನೂ, ಮಂಗಳೂರು ಆಕಾಶವಾಣಿಗೊಂದು ಭಾಷಣವನ್ನೂ, ತರಬೇತಿ ಶಿಬಿರಕ್ಕೊಂದು ಕೈಹೊತ್ತಗೆಯನ್ನೂ ಮಾಡಬಹುದು. ಒಂದೇ ಅಧ್ಯಯನ ನಾಲ್ಕು ಕಡೆ ಕೆಲಸಕ್ಕೆ ಬಂದಾಗಲೇ ಬರಹಗಾರನ ಸಮಯಕ್ಕೆ ಬೆಲೆ ಹುಟ್ಟುವುದು.

ವಿಷಯದ ಬೇರಿಗೆ ಇಳಿಯುವವರು ದಾಖಲೆಗಳಿರುವ ಜಾಗಗಳನ್ನೂ ಅರಿತಿರಬೇಕು. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ನಿಗೆ ಸಂಬಂಧಿಸಿದ ಹಳೆಯ ದಾಖಲೆ ಮತ್ತು ಮುದ್ರಣಗಳ ಸಂಗ್ರಹವಿದೆ; ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ; ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಮಂಗಳೂರಿನಲ್ಲಿವೆ. ಅಂತರ್ಜಾಲದಲ್ಲಿ ಸಿಗುವುದನ್ನು ಎಲ್ಲರೂ ಬರೆಯುತ್ತಾರೆ. ಇಲ್ಲಿ ಒಂದು ಮಧ್ಯಾಹ್ನ ಕುಳಿತು ಟಿಪ್ಪಣಿ ಮಾಡಿಕೊಂಡವರ ಲೇಖನದಲ್ಲಿ ಬೇರೆಯವರಲ್ಲಿಲ್ಲದ ಸಾಮಗ್ರಿ ಇರುತ್ತದೆ ಮತ್ತು ಸಂಪಾದಕರು ಅದನ್ನು ಮೊದಲ ಪ್ಯಾರಾದಲ್ಲೇ ಗುರುತಿಸುತ್ತಾರೆ.

ಸಂಪಾದಕರಿಗೆ ಬರೆಯುವ ಪತ್ರ

ಕರಾವಳಿಯ ವರ್ಷಕ್ಕೆ ತನ್ನದೇ ಆದ ಕಾಲಚಕ್ರವಿದೆ. ನವೆಂಬರ್ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ತುಳುವರ ಬೇಶ ತಿಂಗಳ ಹತ್ತನೆಯ ದಿನದ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ಗೆಜ್ಜೆ ಬಿಚ್ಚುತ್ತವೆ. ಕಂಬಳ ಚಳಿಗಾಲದುದ್ದಕ್ಕೂ ನಡೆಯುತ್ತದೆ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉಡುಪಿಯ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ಇಸವಿಯ ಜನವರಿ 18ರಂದು ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಇವೆಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ದಿನಪತ್ರಿಕೆಯ ಪುರವಣಿಗಾದರೆ ಮೂರು ವಾರ, ವಾರಪತ್ರಿಕೆಗಾದರೆ ಆರು ವಾರ, ಮಾಸಪತ್ರಿಕೆಗಾದರೆ ಮೂರು ತಿಂಗಳು ಮೊದಲೇ ಪ್ರಸ್ತಾವ ಕಳುಹಿಸುವುದು ಕ್ಷೇಮ. ದೀಪಾವಳಿ ವಿಶೇಷಾಂಕಕ್ಕೆ ಬರೆಯುವವರು ಜುಲೈ-ಆಗಸ್ಟ್‌ನ ಆಟಿ ತಿಂಗಳ ಮಳೆಯಲ್ಲೇ ಕುಳಿತು ಬರೆದು ಮುಗಿಸಿರಬೇಕು. ಪರ್ಯಾಯದ ದಿನವೇ ಪರ್ಯಾಯದ ಲೇಖನ ಕಳುಹಿಸುವವರು ಪ್ರತಿ ಬಾರಿಯೂ ಇರುತ್ತಾರಂತೆ.

ಪತ್ರ ಚಿಕ್ಕದಾಗಿರಲಿ. ತಮ್ಮ ಬಾಲ್ಯದಿಂದಿರುವ ಸಾಹಿತ್ಯಾಸಕ್ತಿಯ ವಿವರ ಸಂಪಾದಕರಿಗೆ ಬೇಡ. ಒಂದು ಮಾದರಿಯನ್ನು ನೋಡಬಹುದು:

“ಮಾನ್ಯರೇ, ಮೀನುಗಾರಿಕೆಗೆ ನಿಷೇಧವಿರುವ ಎರಡು ತಿಂಗಳಲ್ಲಿ ಮಲ್ಪೆ ಬಂದರಿನಲ್ಲಿ ನಡೆಯುವ ಬಲೆ ದುರಸ್ತಿ ಮತ್ತು ಬೋಟು ದುರಸ್ತಿಯ ಕುರಿತು 900 ಪದಗಳ ಲೇಖನವನ್ನು ತಮ್ಮ ಪುರವಣಿಗೆ ಕೊಡಬಯಸುತ್ತೇನೆ. ಕಳೆದ ಮಳೆಗಾಲದಲ್ಲಿ ಬಲೆ ಹೆಣೆಯುವ ಮೂವರನ್ನೂ ಇಬ್ಬರು ಬೋಟು ಮಾಲಕರನ್ನೂ ಮಾತನಾಡಿಸಿದ್ದೇನೆ. ನಾನೇ ತೆಗೆದ ಐದು ಛಾಯಾಚಿತ್ರಗಳಿವೆ. ಒಪ್ಪಿದಲ್ಲಿ ಮೇ 10ರೊಳಗೆ ಕಳುಹಿಸುತ್ತೇನೆ. ಮೂವತ್ತು ದಿನಗಳೊಳಗೆ ತಮ್ಮ ಉತ್ತರ ಬಾರದಿದ್ದರೆ ಬೇರೆಡೆ ಪ್ರಯತ್ನಿಸಲು ಅನುಮತಿಯಿದೆಯೆಂದು ಭಾವಿಸುತ್ತೇನೆ.”

ಕೊನೆಯ ವಾಕ್ಯ ಮುಖ್ಯವಾದದ್ದು. ಕನ್ನಡ ಪತ್ರಿಕೆಗಳು ಒಂದೇ ಲೇಖನ ಎರಡು ಕಡೆ ಪ್ರಕಟವಾಗುವುದನ್ನು ಸಹಿಸುವುದಿಲ್ಲ, ಆದರೆ ಬೇಡವೆಂಬ ಉತ್ತರವನ್ನೂ ಸಾಮಾನ್ಯವಾಗಿ ಬರೆಯುವುದಿಲ್ಲ. ಈ ಎರಡರ ನಡುವೆ ಸಿಕ್ಕಿಕೊಂಡು ಒಳ್ಳೆಯ ಲೇಖನಗಳು ವರ್ಷಗಟ್ಟಲೆ ಕೊಳೆಯುತ್ತವೆ. ಲೇಖನವನ್ನು ಯೂನಿಕೋಡ್ ಅಕ್ಷರದಲ್ಲಿ ಕಳುಹಿಸಿ, ಜೊತೆಗೊಂದು ಪಿಡಿಎಫ್ ಇಡಬೇಕು. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಕಡತಗಳನ್ನು ಪರಿವರ್ತಿಸುವಾಗ ಒತ್ತಕ್ಷರಗಳೂ ಅರ್ಕಾವೊತ್ತೂ ಆಗಾಗ ಕೆಡುತ್ತವೆ. ಪಿಡಿಎಫ್ ಇದ್ದರೆ ಪುಟ ಕಟ್ಟುವವರು ಮೂಲದಲ್ಲಿ ಏನಿತ್ತೆಂದು ನೋಡಿಕೊಳ್ಳುತ್ತಾರೆ.

ದೈವಾರಾಧನೆಯ ಕುರಿತು ಬರೆಯುವವರಿಗೆ ಒಂದು ಮಾತು. ಕೋಲ (ದೈವದ ನರ್ತನ ಸೇವೆ) ನಡೆಯುವ ಗುತ್ತಿನ ಮನೆಯವರನ್ನೂ, ಅಂದರೆ ಊರಿನ ಹಿರಿಯ ಮನೆತನದವರನ್ನೂ, ದೈವನರ್ತಕರನ್ನೂ ಕೇಳದೆ ಚಿತ್ರ ತೆಗೆಯುವುದು, ಒಂದು ಊರಿನ ಕಟ್ಟುಕಟ್ಟಳೆಯನ್ನು ಇಡೀ ತುಳುನಾಡಿನದೆಂಬಂತೆ ಬರೆಯುವುದು, ಇವು ಆ ಊರಿನ ಬಾಗಿಲನ್ನು ಮುಂದೆ ಶಾಶ್ವತವಾಗಿ ಮುಚ್ಚಿಸುತ್ತವೆ.

ಸ್ಮರಣ ಸಂಚಿಕೆಗಳ ಕೆಲಸ

ಹೊರಗಿನವರಿಗೆ ಅಷ್ಟಾಗಿ ತಿಳಿಯದ, ಆದರೆ ಕರಾವಳಿಯ ಬರಹಗಾರರಿಗೆ ವರ್ಷದ ಬಹುಪಾಲು ಕೆಲಸ ಕೊಡಬಲ್ಲ ಕ್ಷೇತ್ರ ಇದು. ದೇವಸ್ಥಾನಗಳಲ್ಲಿ ಜೀರ್ಣೋದ್ಧಾರವಾದಾಗ, ಹನ್ನೆರಡು ವರ್ಷ ತುಂಬಿದಾಗ ಬ್ರಹ್ಮಕಲಶೋತ್ಸವ ನಡೆಯುತ್ತದೆ; ಇಗರ್ಜಿಗಳಿಗೂ ಶಾಲೆಗಳಿಗೂ ಶತಮಾನೋತ್ಸವ ಬರುತ್ತದೆ; ಯುವಕ ಮಂಡಲ, ಹಾಲು ಉತ್ಪಾದಕರ ಸಂಘ, ವ್ಯವಸಾಯ ಸೇವಾ ಸಹಕಾರಿ ಸಂಘಗಳಿಗೆ ಬೆಳ್ಳಿಹಬ್ಬ, ಚಿನ್ನದ ಹಬ್ಬಗಳು ಬರುತ್ತವೆ. ಪ್ರತಿಯೊಂದಕ್ಕೂ ಸಂಚಿಕೆಯೊಂದು ಬೇಕು. ಅದರ ಖರ್ಚು ಜಾಹೀರಾತಿನಿಂದ ಹುಟ್ಟುತ್ತದೆ, ಮುದ್ರಕರಿಗೂ ವಿನ್ಯಾಸ ಮಾಡುವವರಿಗೂ ಹಣ ಸಂದಾಯವಾಗುತ್ತದೆ. ಬರೆಯುವವರಿಂದ ಮಾತ್ರ “ದೇವರ ಸೇವೆ” ನಿರೀಕ್ಷಿಸುವ ವಾಡಿಕೆ ಇನ್ನೂ ಉಳಿದಿದೆ.

ಆದ್ದರಿಂದ ಮೊದಲ ಸಭೆಯಲ್ಲೇ ಸೇವೆ ಯಾವುದು, ಕೆಲಸ ಯಾವುದು ಎಂಬುದನ್ನು ವಿನಯದಿಂದಲೇ ಬೇರ್ಪಡಿಸಬೇಕು. ತನ್ನ ಸ್ವಂತ ಊರಿನ ದೇವಸ್ಥಾನಕ್ಕೆ ಒಂದು ಲೇಖನ ಬರೆದುಕೊಡುವುದು ಸೇವೆ. ನೂರು ಪುಟದ ಸಂಚಿಕೆಗೆ ಸ್ಥಳಪುರಾಣ ಮತ್ತು ಇತಿಹಾಸ ಬರೆದು, ಹಿರಿಯರ ಸಂದರ್ಶನ ಮಾಡಿ, ಬಂದ ಇಪ್ಪತ್ತು ಲೇಖನಗಳನ್ನು ತಿದ್ದಿ, ಮೂರು ಸಲ ಕರಡು ನೋಡಿಕೊಡುವುದು ಕೆಲಸ. ಕೆಲಸಕ್ಕೆ ಕೊಟೇಶನ್ ಕೊಡಬೇಕು. ಅದರಲ್ಲಿ ಎಷ್ಟು ಪುಟ, ಎಷ್ಟು ಬಾರಿ ತಿದ್ದುಪಡಿ, ಕರಡಿಗೆ ಒಪ್ಪಿಗೆ ಕೊಡುವವರು ಯಾರು ಎಂಬುದು ಇರಬೇಕು. ಒಪ್ಪಿಗೆಗೆ ಒಬ್ಬರೇ ಇರಬೇಕೆಂಬುದನ್ನು ಒತ್ತಿ ಹೇಳುತ್ತೇನೆ; ಸಮಿತಿಯ ಹನ್ನೊಂದು ಮಂದಿಯೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೇರೆಬೇರೆ ತಿದ್ದುಪಡಿ ಹೇಳತೊಡಗಿದರೆ ಆ ಸಂಚಿಕೆ ಉತ್ಸವಕ್ಕೆ ಮೊದಲು ಮುಗಿಯುವುದಿಲ್ಲ. ದಾನಿಗಳ ಪಟ್ಟಿಯನ್ನು ಸಮಿತಿಯೇ ಬೆರಳಚ್ಚು ಮಾಡಿಸಿ, ಸಹಿ ಹಾಕಿ ಕೊಡಬೇಕು. ಇತಿಹಾಸದಲ್ಲಿ ಒಂದು ಶತಮಾನ ತಪ್ಪಿದರೂ ಕ್ಷಮಿಸುವ ಜನರು ದಾನಿಗಳ ಹೆಸರಿನ ಇನಿಷಿಯಲ್ ತಪ್ಪಿದರೆ ಕ್ಷಮಿಸುವುದಿಲ್ಲ.

ಹಣದ ವಿಚಾರದಲ್ಲಿ ಮೂರನೆಯ ಒಂದು ಭಾಗ ಮುಂಗಡ, ಮತ್ತೊಂದು ಭಾಗ ಮೊದಲ ಕರಡು ಕೊಟ್ಟಾಗ, ಉಳಿದದ್ದು ಮುದ್ರಣಕ್ಕೆ ಹೋಗುವ ಮೊದಲು ಎಂಬ ಕ್ರಮ ಒಳ್ಳೆಯದು. ಬಿಡುಗಡೆಯ ನಂತರ ಕೊಡುತ್ತೇವೆಂಬ ಮಾತನ್ನು ಒಪ್ಪಬಾರದು. ಇದರಲ್ಲಿ ಯಾರ ಪ್ರಾಮಾಣಿಕತೆಯ ಪ್ರಶ್ನೆಯೂ ಇಲ್ಲ. ಉತ್ಸವ ಮುಗಿದ ಮೇಲೆ ಸಮಿತಿ ಚದುರುತ್ತದೆ, ಕಾರ್ಯದರ್ಶಿ ಮುಂಬಯಿಗೆ ಮರಳುತ್ತಾರೆ, ಖಜಾಂಚಿ ಲೆಕ್ಕಪತ್ರ ಮುಗಿಸಿ ಮಂಡಿಸಿರುತ್ತಾರೆ. ಬಾಕಿ ಕೇಳಲು ಮನುಷ್ಯರೇ ಸಿಗುವುದಿಲ್ಲ.

ಅಭಿನಂದನ ಗ್ರಂಥ, ಉದ್ಯಮಿಗಳ ಮತ್ತು ವೈದ್ಯರ ಆತ್ಮಕಥೆ ಬರೆದುಕೊಡುವ ಕೆಲಸಕ್ಕೂ ಇವೇ ನಿಯಮಗಳು ಸಲ್ಲುತ್ತವೆ. ಅಲ್ಲಿ ಮಾತುಕತೆಯನ್ನು ಧ್ವನಿಮುದ್ರಿಸಿ ಇಟ್ಟುಕೊಳ್ಳುವುದು ಮಾತ್ರ ಕಡ್ಡಾಯ. ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಅವರನ್ನು ಮಾತನಾಡಿಸಿ ಕನ್ನಡದಲ್ಲಿ ಬರೆಯಬಲ್ಲವರು ಬೆಂಗಳೂರಿನಿಂದ ಬರುವ ಬರಹಗಾರರಿಗಿಂತ ಹೆಚ್ಚಿನ ದರ ಕೇಳುವುದರಲ್ಲಿ ತಪ್ಪಿಲ್ಲ; ಹಿರಿಯರು ಮನಸ್ಸು ಬಿಚ್ಚುವುದು ಮನೆಮಾತಿನಲ್ಲಿ.

ಅನುವಾದ ಮತ್ತು ದರ ನಿಗದಿ

ಅನುವಾದ ನಿಯಮಿತ ಆದಾಯದ ದಾರಿ. ಆಸ್ಪತ್ರೆಗಳ ರೋಗಿ ತಿಳಿವಳಿಕೆ ಪತ್ರ ಮತ್ತು ಒಪ್ಪಿಗೆ ಪತ್ರ, ಸಂಶೋಧನೆಯ ಪ್ರಶ್ನಾವಳಿ, ಬ್ಯಾಂಕಿನ ಅರ್ಜಿ ನಮೂನೆ, ಕಂಪನಿಗಳ ಆ್ಯಪ್‌ಗಳ ಪಠ್ಯ, ಸಾಕ್ಷ್ಯಚಿತ್ರಗಳ ಸಬ್‌ಟೈಟಲ್ ಎಲ್ಲವೂ ಇದರಲ್ಲಿ ಸೇರುತ್ತವೆ. ಮಣಿಪಾಲ, ದೇರಳಕಟ್ಟೆಗಳಂಥ ವೈದ್ಯಕೀಯ ಶಿಕ್ಷಣದ ಕೇಂದ್ರಗಳು ಪಕ್ಕದಲ್ಲೇ ಇರುವುದರಿಂದ ವೈದ್ಯಕೀಯ ಅನುವಾದವನ್ನು ಕಲಿತವರಿಗೆ ಇಲ್ಲಿ ಒಳ್ಳೆಯ ಅವಕಾಶವಿದೆ. ದರವನ್ನು ಮೂಲ ಇಂಗ್ಲಿಷಿನ ಪದಗಳ ಮೇಲೆ ನಿಗದಿಪಡಿಸಬೇಕು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅನುವಾದದ ಪದಸಂಖ್ಯೆ ಮೂಲಕ್ಕಿಂತ ಗಣನೀಯವಾಗಿ ಕಡಿಮೆಯಿರುತ್ತದೆ. ಕನ್ನಡ ಪದಗಳ ಲೆಕ್ಕಕ್ಕೆ ಒಪ್ಪಿದವರು ಅಷ್ಟನ್ನು ಕಳೆದುಕೊಳ್ಳುತ್ತಾರೆ.

ದರವನ್ನು ಬೇರೆಯವರನ್ನು ನೋಡಿ ಇಡುವುದಕ್ಕಿಂತ ತನ್ನ ಮನೆಯ ಖರ್ಚಿನಿಂದ ಲೆಕ್ಕ ಹಾಕುವುದು ಮೇಲು. ಉದಾಹರಣೆಗೆ, ಉಳಿತಾಯ ಮತ್ತು ವಿಮೆಯೂ ಸೇರಿ ತಿಂಗಳಿಗೆ 40,000 ರೂಪಾಯಿ ಬೇಕೆಂದಿಟ್ಟುಕೊಳ್ಳೋಣ; ವರ್ಷಕ್ಕೆ 4,80,000 ಆಯಿತು. ವಾರದಲ್ಲಿ ಒಂದು ದಿನ ರಜೆ, ಇನ್ನೆರಡು ದಿನ ಪತ್ರವ್ಯವಹಾರ, ಓಡಾಟ, ಓದು ಇವುಗಳಿಗೆ ಹೋದರೆ ನಾಲ್ಕು ದಿನ ಉಳಿಯುತ್ತವೆ, ಅಂದರೆ ವರ್ಷಕ್ಕೆ 208. ಹಬ್ಬ, ಮದುವೆ, ಜ್ವರಗಳನ್ನು ಕಳೆದರೆ ಸುಮಾರು 180. ದಿನಕ್ಕೆ ಹತ್ತಿರಹತ್ತಿರ 2,700 ರೂಪಾಯಿ ದುಡಿಯಬೇಕು. ದಿನವೊಂದಕ್ಕೆ 1,500 ಪದಗಳನ್ನು ಅನುವಾದಿಸಿ, ತಿದ್ದಿ ಮುಗಿಸಬಲ್ಲವರಿಗೆ ಪದವೊಂದಕ್ಕೆ 1 ರೂಪಾಯಿ 80 ಪೈಸೆ ಬೀಳುತ್ತದೆ. ಇದಕ್ಕಿಂತ ಕಡಿಮೆಗೆ ಒಪ್ಪಿದ ಪ್ರತಿ ಕೆಲಸವನ್ನೂ ಮನೆಯ ಉಳಿತಾಯವೇ ತುಂಬಿಕೊಡುತ್ತಿದೆಯೆಂದು ತಿಳಿಯಬೇಕು.

ಈಗೀಗ “ಯಂತ್ರ ಅನುವಾದ ಮಾಡಿದೆ, ನೀವು ಸ್ವಲ್ಪ ನೋಡಿಕೊಟ್ಟರೆ ಸಾಕು” ಎಂದು ಕಾಲುಭಾಗ ದರಕ್ಕೆ ಕೇಳುವವರು ಹೆಚ್ಚಾಗಿದ್ದಾರೆ. ಇಂಥ ಕೆಲಸವನ್ನು ಪದದ ಲೆಕ್ಕಕ್ಕಲ್ಲ, ಗಂಟೆಯ ಲೆಕ್ಕಕ್ಕೆ ಒಪ್ಪಿಕೊಳ್ಳಬೇಕು ಮತ್ತು ಮೊದಲೇ ಎರಡು ಪುಟ ತರಿಸಿಕೊಂಡು ನೋಡಬೇಕು. ಸರಳ ಸೂಚನೆಗಳಲ್ಲಿ ಯಂತ್ರ ಸಮಯ ಉಳಿಸುತ್ತದೆ. ಒಪ್ಪಿಗೆ ಪತ್ರದಂಥ, ತಪ್ಪಿದರೆ ಜೀವಕ್ಕೋ ಹಣಕ್ಕೋ ಕುತ್ತಾಗುವ ಬರಹದಲ್ಲಿ ಸಾಲುಸಾಲನ್ನೂ ಮೂಲಕ್ಕೆ ಹಿಡಿದು ನೋಡುವ ಶ್ರಮ ಹೊಸದಾಗಿ ಅನುವಾದಿಸುವುದಕ್ಕೆ ಸಮನಾಗುತ್ತದೆ.

ಹಕ್ಕು, ಬಿಲ್ಲು, ತೆರಿಗೆ

1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಬರಹದ ಮೊದಲ ಒಡೆಯರು ಬರೆದವರೇ. ಸಂಬಳಕ್ಕೆ ದುಡಿಯುವವರ ಮಾತು ಬೇರೆ. ಸ್ವತಂತ್ರ ಬರಹಗಾರರು ಲಿಖಿತವಾಗಿ ಬಿಟ್ಟುಕೊಡದ ಹೊರತು ಹಕ್ಕು ಅವರಲ್ಲೇ ಉಳಿಯುತ್ತದೆ. ಬಿಟ್ಟುಕೊಡುವ ಪತ್ರದಲ್ಲಿ ಅವಧಿಯನ್ನು ಹೇಳಿರದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ಹೇಳಿರದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯಿದೆ ಭಾವಿಸುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದೆ ಹೋದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅದು ಬರೆದವರಿಗೇ ಮರಳುತ್ತದೆ. ಬರೆದವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಹಕ್ಕು ಬಾಳುತ್ತದೆಯಾದ್ದರಿಂದ, ಸಂಚಿಕೆಗೆ ಬರೆದುಕೊಟ್ಟ ಸ್ಥಳಚರಿತ್ರೆಯನ್ನು ಮುಂದೆ ತನ್ನ ಪುಸ್ತಕದಲ್ಲಿ ಸೇರಿಸುವ ಯೋಚನೆಯಿರುವವರು “ಈ ಸಂಚಿಕೆಯಲ್ಲಿ ಒಮ್ಮೆ ಪ್ರಕಟಿಸಲು ಮಾತ್ರ” ಎಂಬ ಒಂದು ಸಾಲನ್ನು ಕೊಟೇಶನ್ನಿನಲ್ಲೇ ಬರೆದುಬಿಡಬೇಕು. ಬೇರೆಯವರ ಹೆಸರಿನಲ್ಲಿ ಪ್ರಕಟವಾಗುವ ಆತ್ಮಕಥೆಯಲ್ಲಿ ಹಕ್ಕು ಪೂರ್ತಿ ಬಿಟ್ಟುಕೊಡಬೇಕಾಗುತ್ತದೆ, ಅದಕ್ಕೆ ತಕ್ಕಂತೆ ದರವೂ ಏರಬೇಕು.

ಕಂಪನಿ, ಆಸ್ಪತ್ರೆ, ಕಾಲೇಜುಗಳಿಗೆ ಬರೆದುಕೊಡುವವರು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಸರಕಾರದಲ್ಲಿ ನೋಂದಣಿ, ಮಾಡಿಸಿಕೊಳ್ಳುವುದು ಒಳ್ಳೆಯದು; ಅದಕ್ಕೆ ಶುಲ್ಕವಿಲ್ಲ. ಸರಕಾರದ ಜಾಲತಾಣದಲ್ಲಿ ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಮಧ್ಯವರ್ತಿಗಳಿಗೆ ಹಣ ತೆರಬೇಕಾಗಿಲ್ಲ. ಸಣ್ಣ ಉದ್ಯಮಗಳ 2006ರ ಕಾಯಿದೆಯಂತೆ ನೋಂದಾಯಿತ ಸೇವಾದಾರರಿಗೆ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೂ 45 ದಿನ ಮೀರದಂತೆ ಪಾವತಿಯಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಬೀಳುತ್ತದೆ. ದೂರು ಕೊಡುವ ಪ್ರಸಂಗ ಅಪರೂಪಕ್ಕೆ ಬಂದೀತು. ಆದರೆ ಕಾಲಮಿತಿ ಮೀರಿದ ಬಾಕಿಯನ್ನು ಕೊಟ್ಟು ಮುಗಿಸುವವರೆಗೆ ಖರ್ಚೆಂದು ತೋರಿಸಲು ಆದಾಯ ತೆರಿಗೆಯಲ್ಲಿ ಅವಕಾಶವಿಲ್ಲದ ಕಾರಣ, ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಕಂಡರೆ ಲೆಕ್ಕಪತ್ರ ವಿಭಾಗದವರು ಅದನ್ನು ಕೆಳಗೆ ತಳ್ಳುವುದಿಲ್ಲ.

ಸಂಸ್ಥೆಗಳು ವೃತ್ತಿಪರ ಶುಲ್ಕದಿಂದ ಶೇಕಡಾ 10ರಷ್ಟನ್ನು ಮೂಲದಲ್ಲೇ ತೆರಿಗೆಯಾಗಿ ಹಿಡಿದುಕೊಳ್ಳುತ್ತವೆ. 2025ರ ಏಪ್ರಿಲ್‌ನಿಂದ ಒಂದು ಸಂಸ್ಥೆಯಿಂದ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಮಾತ್ರ ಇದು ಅನ್ವಯಿಸುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಆರ್ಥಿಕ ವರ್ಷದಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಹೆಚ್ಚಿನ ಬರಹಗಾರರಿಗೆ ಈ ಹಣ ಮರಳಿ ಬರಬೇಕು, ಆದರೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ ಬರುತ್ತದೆ. ಸಲ್ಲಿಸದೆ ಕೈಬಿಡುವವರು ಬಹಳ. ಜಿಎಸ್‌ಟಿ ನೋಂದಣಿಯ ಯೋಚನೆ ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಬೇಕಿಲ್ಲ.

ಕೆಲಸ ಬಿಡುವ ಮೊದಲು

ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಬೇಕು, ಮತ್ತೆ ಮತ್ತೆ ಕೆಲಸ ಕೊಡುವ ಕನಿಷ್ಠ ಮೂರು ಸಂಸ್ಥೆಗಳಿರಬೇಕು, ಅವುಗಳಲ್ಲಿ ಯಾವುದೊಂದರ ಪಾಲೂ ಒಟ್ಟು ಗಳಿಕೆಯ ಅರ್ಧವನ್ನು ಮೀರಿರಬಾರದು. ಈ ಮೂರೂ ಕೂಡಿಬರುವವರೆಗೆ ಸಂಬಳದ ಕೆಲಸದಲ್ಲಿದ್ದುಕೊಂಡೇ ಬೆಳಗ್ಗೆ ಎರಡು ಗಂಟೆ ಬರೆಯುವುದು ಲೇಸು. ಆದರೆ ಹೊರಗೆ ಬರೆಯಲು ಈಗಿನ ಉದ್ಯೋಗದ ನಿಯಮಗಳು ಅವಕಾಶ ಕೊಡುತ್ತವೆಯೇ ಎಂದು ನೇಮಕಾತಿ ಪತ್ರವನ್ನು ತೆರೆದು ನೋಡಿಕೊಂಡಿರಬೇಕು. ಗಣಪತಿ ಹಬ್ಬದಿಂದ ಮೇ ತಿಂಗಳವರೆಗೆ ಸಂಚಿಕೆ ಮತ್ತು ಉತ್ಸವಗಳ ಕೆಲಸ ಒತ್ತೊತ್ತಾಗಿ ಬರುತ್ತದೆ, ಮಳೆಗಾಲದಲ್ಲಿ ಬತ್ತುತ್ತದೆ. ಆದುದರಿಂದ ರಾಜೀನಾಮೆ ಕೊಡುವುದಿದ್ದರೆ ಆಗಸ್ಟ್ ತಿಂಗಳು ಒಳ್ಳೆಯದು, ಏಪ್ರಿಲ್ ಒಳ್ಳೆಯದಲ್ಲ. ಆರೋಗ್ಯ ವಿಮೆಯನ್ನು ಕಂಪನಿಯ ಗುಂಪು ಪಾಲಿಸಿ ಜಾರಿಯಲ್ಲಿರುವಾಗಲೇ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡುವಂತೆ ಅದೇ ವಿಮಾ ಸಂಸ್ಥೆಗೆ ಅರ್ಜಿ ಕೊಡಬೇಕು. ಹೀಗೆ ಮಾಡಿದರೆ ಹಳೆಯ ಕಾಯಿಲೆಗಳ ಮಟ್ಟಿಗೆ ಈಗಾಗಲೇ ಕಳೆದಿರುವ ಕಾಯುವ ಅವಧಿ ಹೊಸ ಪಾಲಿಸಿಯಲ್ಲೂ ಲೆಕ್ಕಕ್ಕೆ ಬರುತ್ತದೆ.